ವಲ್ಲಿಯ ಕೆಳಗೆ ನೋವಿನ ವ್ಯಾಪಾರ

ಹೋದ ವಾರ ನನ್ನ ತಂಗಿಯ ಮೊಮ್ಮಗಳು ಮನೆಗೆ ಬಂದಿದ್ದಳು. ನರ್ಸಿಂಗ್ ಓದುತ್ತಾಳೆ. ಚೀಲದಿಂದ ಒಂದು ಕಾರ್ಡು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಅದರ ಮೇಲೆ ಸಾಲಾಗಿ ಮುಖಗಳ ಚಿತ್ರ. ಈ ತುದಿಗೆ ನಗುವ ಮುಖ, ಆ ತುದಿಗೆ ಗೊಳೋ ಎಂದು ಅಳುವ ಮುಖ, ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ. ರೋಗಿಗೆ ಇದನ್ನು ತೋರಿಸಿ ನಿಮ್ಮ ನೋವು ಯಾವ ಅಂಕಿಯಲ್ಲಿದೆ ಎಂದು ಕೇಳಬೇಕಂತೆ.

"ಆಯೀ, ನಿಮ್ಮ ಕಾಲದಾಗ ಇಂಥಾವೆಲ್ಲ ಎಲ್ಲಿದ್ದೂ?" ಎಂದಳು.

ನನಗೆ ನಗು ಬಂತು, ಜೊತೆಗೆ ಸ್ವಲ್ಪ ಸಿಟ್ಟೂ ಬಂತು. ಈಗಿನವರಿಗೆ ಲೋಕದಲ್ಲಿ ಎಲ್ಲವೂ ತಾವು ಹುಟ್ಟಿದ ಮೇಲೆಯೇ ಹುಟ್ಟಿತು ಎಂಬ ಭಾವನೆ. "ಇತ್ತವ್ವಾ, ಇತ್ತು. ನಿಂದು ಕಾರ್ಡಿನ ಮ್ಯಾಲ ಐತಿ, ನಮ್ಮದು ವಲ್ಲಿ ಕೆಳಗ ಇತ್ತು" ಎಂದೆ. ವಲ್ಲಿ ಎಂದರೆ ನಮ್ಮ ಕಡೆ ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ ವಸ್ತ್ರ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿಕೊಂಡು ಮೊದಲಿನಿಂದ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವಳ ಬಸ್ಸು ಹೋಗಿತ್ತು.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಉಳಿದವರಿಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲು ಪೆಟ್ಟಿಗೆಯಲ್ಲೇ ನುಸಿ ತಿಂದು ಹೋಯಿತು.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ, ವಿಜಾಪುರದ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ. ಅಪ್ಪ ಹತ್ತಿಯ ಜಿನ್ನಿನಲ್ಲಿ ಹಮಾಲ. ಬೌದ್ಧ ದೀಕ್ಷೆ ತೆಗೆದುಕೊಂಡ ಹೊಸತು. "ನನ್ನ ಮಗಳು ಶಾಂತಾ ಮಂದಿ ಅಂಗಳಾ ಸಾರಸೂದಿಲ್ಲ, ಬಿಳಿ ಸೀರಿ ಉಡ್ತಾಳ" ಎಂದು ಜಿನ್ನಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ್ದನಂತೆ. ಬಿಳಿ ಸೀರೆಯನ್ನೇನೋ ಉಟ್ಟೆ. ಉಟ್ಟು ಮಾಡಿದ ಮೊದಲ ಕೆಲಸ ರಕ್ತ ಹತ್ತಿದ ಪಟ್ಟಿಗಳನ್ನು ತೊಳೆದು, ಕುದಿಸಿ, ಒಣಗಿಸಿ, ಮತ್ತೆ ಸುತ್ತಿಡುವುದು. ಆಗ ಒಂದೇ ಸೂಜಿ ಎಷ್ಟೋ ಜನರಿಗೆ. ಕುದಿಸುವುದು, ತುದಿ ಮೊಂಡಾದರೆ ಕಲ್ಲಿಗೆ ತಿಕ್ಕುವುದು, ಆಮೇಲೆ ಅರಳೆಯಲ್ಲಿ ಚುಚ್ಚಿ ನೋಡುವುದು. ಅರಳೆಯ ಎಳೆ ಸಿಕ್ಕಿಕೊಂಡು ಬಂದರೆ ಮತ್ತೆ ಕಲ್ಲಿಗೆ ತಿಕ್ಕಬೇಕು. ನೀವು ಈಗ ಸೂಜಿಯನ್ನು ಪಾಕೀಟಿನಿಂದ ತೆಗೆದು, ಒಮ್ಮೆ ಚುಚ್ಚಿ ಬಿಸಾಕುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಮ್ಮ ಮೇಟ್ರನ್ ಕರಾವಳಿಯ ಕಡೆಯವರು. ಅವರ ಕನ್ನಡ ನಮಗೆ, ನಮ್ಮ ಕನ್ನಡ ಅವರಿಗೆ ತಿಳಿಯಲು ಒಂದು ಮಳೆಗಾಲವೇ ಬೇಕಾಯಿತು. ಅವರ ಕಣ್ಣು ಬಿತ್ತೆಂದರೆ ಹಾಸಿಗೆಯ ಮೇಲಿನ ಚಾದರವೂ ತಾನಾಗಿ ನೆಟ್ಟಗಾಗುತ್ತಿತ್ತು. ಒಮ್ಮೆ ತೊರವಿಯಿಂದ ಒಬ್ಬ ಮುದುಕಿಯನ್ನು ಕರೆತಂದರು. ಸರ್ಪಸುತ್ತು ಆಗಿ, ಹುಣ್ಣೆಲ್ಲ ಮಾಗಿ, ಬರೀ ಕಲೆ ಉಳಿದಿತ್ತು. ಆದರೆ ಮೈಮೇಲೆ ಕುಪ್ಪಸ ತಾಗಿದರೂ ಸಾಕು, ಬೆಂಕಿ ಬಿದ್ದಂತೆ ಒದರುತ್ತಾಳೆ. "ಏನೂ ಇಲ್ರಿ, ಕೆಲಸಾ ತಪ್ಪಿಸ್ಕೊಳ್ಳಾಕ ಸೋಗು ಹಾಕ್ಯಾಳ" ಎಂದಳು ಸೊಸೆ. ಗಾಯ ಕಾಣದ್ದರಿಂದ ವಾರ್ಡಿನವರೆಲ್ಲ ಸೊಸೆಯ ಮಾತಿಗೇ ತಲೆದೂಗಿದರು.

ಮೇಟ್ರನ್ ಬಂದರು. ಅರಳೆಯ ಒಂದು ಎಳೆ ಹಿರಿದು, ಮುದುಕಿಯನ್ನು ಮಾತಿಗೆಳೆಯುತ್ತಲೇ ಕಲೆಯ ಮೇಲೆ ಮೆಲ್ಲಗೆ ಆಡಿಸಿದರು. ಮುದುಕಿ ಹೌಹಾರಿ ಎದ್ದು ಕುಳಿತಳು. ಅದೇ ಎಳೆಯನ್ನು ಇನ್ನೊಂದು ಮಗ್ಗುಲಿಗೆ ಆಡಿಸಿದರೆ ಅವಳಿಗೆ ಗೊತ್ತೇ ಆಗಲಿಲ್ಲ. ಮೇಟ್ರನ್ ಸೊಸೆಯ ಕಡೆ ತಿರುಗಿ, "ಗಾಯ ಒಣಗಿತು, ಒಳಗಿನ ನರ ಒಣಗಲಿಲ್ಲ. ನೋವು ಉಂಟೋ ಇಲ್ಲವೋ ಹೇಳಲಿಕ್ಕೆ ನೀನು ಯಾರು ಮಾರಾಯ್ತಿ?" ಎಂದರು. ಸೊಸೆಗೆ ಆ ಕನ್ನಡ ಪೂರ್ತಿ ತಿಳಿಯದಿದ್ದರೂ ಮುಖ ಬಿಳಿಚಿತು. ನಾನು ಅರಳೆಯ ಆ ವಿದ್ಯೆಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಅರವತ್ತರ ದಶಕ ಶುರುವಾದ ಮೇಲೆ ನನ್ನನ್ನು ತಿಕೋಟಾದ ದವಾಖಾನೆಗೆ ಹಾಕಿದರು. ಒಂದು ಪಡಸಾಲೆ, ಎರಡು ಕೋಣೆ, ಹೊರಗೆ ಬೇವಿನ ಮರ. ಡಾಕ್ಟರ್ ಸಾಹೇಬರು ನಶ್ಯ ಏರಿಸುತ್ತಿದ್ದರು, ಬೈದುಕೊಂಡೇ ಜೀವ ಉಳಿಸುತ್ತಿದ್ದರು. ಊರಲ್ಲಿ ಕೆಲವರು ನನ್ನ ಕೈಯಿಂದ ಔಷಧ ಕುಡಿಯುತ್ತಿದ್ದರು, ಅದರ ಮೇಲಿನ ನೀರನ್ನು ಮಾತ್ರ ತಮ್ಮ ತಂಬಿಗೆಯಿಂದಲೇ ಕುಡಿಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಕಹಿ ಔಷಧವಿದ್ದ ದಿನ ಅಂಥವರಿಗೆ ಒಂದು ಹನಿಯನ್ನೂ ಉಳಿಸದಂತೆ ಕುಡಿಸಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ಬೇಸಿಗೆಯ ಬೆಳಿಗ್ಗೆ ಘೋಣಸಗಿಯಿಂದ ಒಂದು ಚಕ್ಕಡಿ ಬಂತು. ಆ ಬಿಸಿಲಲ್ಲಿ ಒಬ್ಬ ಮನುಷ್ಯ ತಲೆಯ ತುಂಬ ಕಂಬಳಿ ಹೊದ್ದು ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ ನೀಲವ್ವ. ಕಂಬಳಿ ಸರಿಸಿದಾಗ ನಾನು ಬೆಚ್ಚಿದೆ. ಮುಖದ ಎಡಭಾಗ ನುಣ್ಣಗೆ ಬೋಳಿಸಿದೆ, ಬಲಭಾಗದಲ್ಲಿ ಗೇಣುದ್ದ ಗಡ್ಡ. ಹರಕೆಯೇನೋ ಎಂದುಕೊಂಡೆ.

"ಹರಕಿ ಅಲ್ರಿ ಬಾಯಾರ" ಎಂದಳು ನೀಲವ್ವ. "ಆ ಕಡೆ ಗಲ್ಲಕ್ಕ ಕೈ ಹಚ್ಚಗೊಡಂಗಿಲ್ಲ. ಕತ್ತಿ ಅಲ್ಲ, ಗಾಳಿ ಬಡದ್ರೂ ಮಿಂಚು ಹೊಡದಂಗ ಆಕ್ಕೈತಂತ. ಉಣ್ಣಂಗಿಲ್ಲ, ಮಾತಾಡಂಗಿಲ್ಲ. ಹಲ್ಲಿನ ಬ್ಯಾನಿ ಅಂತ ಸಂತಿ ಒಳಗಿನ ಹಲ್ಲ ಕೀಳಾಂವ ಆ ಕಡೆ ಹಲ್ಲೆಲ್ಲಾ ಕಿತ್ತ. ಹಲ್ಲ ಹೋದೂವು, ಬ್ಯಾನಿ ಹೋಗಲಿಲ್ಲ."

ಅವನ ಹೆಸರು ರೇವಪ್ಪ. ಎಲುಬಿನ ಮೇಲೆ ಚರ್ಮ ಅಂಟಿಸಿದ ಹಾಗಿದ್ದ. ಸಾಹೇಬರು ಪ್ರಶ್ನೆ ಕೇಳಿದರೆ ನೀಲವ್ವ ಉತ್ತರ ಕೊಡುತ್ತಿದ್ದಳು. ಅವಳು ಏನು ಹೇಳಿದರೂ ಅವನು ಸಿಟ್ಟಿನಿಂದ ಕೈ ಬೀಸುತ್ತಿದ್ದ. ನಾನು ನಾಡಿ ನೋಡಲು ಕೈ ಹಿಡಿದೆ. ಅವನು ಹೆಗಲ ಮೇಲಿನ ವಲ್ಲಿಯನ್ನು ಎಳೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದ. ಅದರ ಕೆಳಗೆ ನನ್ನ ಐದೂ ಬೆರಳುಗಳನ್ನು ಗಬಕ್ಕನೆ ಹಿಡಿದು ಹಿಚುಕಿದ, ಬಿಟ್ಟು ಮತ್ತೆ ಹಿಚುಕಿದ.

"ಏ! ಕೈ ಬಿಡ್ರಿ! ಇದನ್ನ ದವಾಖಾನಿ ಅನ್ಕೊಂಡೀರೋ ಏನ ಅನ್ಕೊಂಡೀರಿ?" ಎಂದು ಚೀರಿದೆ. ಇನ್ನೊಂದು ಕೈಯಲ್ಲಿದ್ದ ತಗಡಿನ ಟ್ರೇಯನ್ನು ಅವನ ತಲೆಗೆ ಬೀಸಲು ಎತ್ತಿಯೂ ಆಗಿತ್ತು.

ನೀಲವ್ವ ಅಡ್ಡ ಬಂದಳು. "ಯವ್ವಾ, ಹೊಡೀಬ್ಯಾಡ್ರಿ! ಕೆಟ್ಟ ಮನಸ್ಸಿನಿಂದ ಹಿಡದಿಲ್ರಿ. ದನದ ದಲಾಲಿ ಅದಾರ. ರೇಟ ಹೇಳಾಕತ್ತಾರ!"

"ಯಾವುದರ ರೇಟ?"

"ಬ್ಯಾನೀದ್ರಿ!"

ಸಾಹೇಬರು ನಶ್ಯದ ಡಬ್ಬಿ ಕೆಳಗಿಟ್ಟು ನಗತೊಡಗಿದರು. ನಾನೂ ನಕ್ಕುಬಿಟ್ಟೆ. ರೇವಪ್ಪನೊಬ್ಬನೇ ನಗಲಿಲ್ಲ, ನಗಲು ಬರುತ್ತಿರಲಿಲ್ಲ.

ದನದ ಪೇಟೆಯಲ್ಲಿ ದಲಾಲಿ ಬಾಯಿಬಿಟ್ಟು ದರ ಹೇಳುವುದಿಲ್ಲ. ವಲ್ಲಿಯ ಕೆಳಗೆ ಕೊಳ್ಳುವವನ ಕೈ ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು, ಬಿಟ್ಟು ಮತ್ತೆ ಹಿಡಿದರೆ ಕೂಡಿಸಿಕೊಳ್ಳಬೇಕು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಹತ್ತು ಅವನ ತುಟ್ಟತುದಿಯ ನೋವು. ಆ ದಿನ ಅವನು ನನಗೆ ಹೇಳಿದ್ದು ಪೂರಾ ಹತ್ತು. ಹೆಂಡತಿ ಹೇಳಿದರೆ ಹೆಚ್ಚುಕಡಿಮೆಯಾಗುತ್ತದೆ ಎಂದು ತಾನೇ ಹೇಳಲು ಕೈ ಹಿಡಿದಿದ್ದ. ಅವನ ಕಸುಬಿನಲ್ಲಿ ಯಾರ ಕೈಯಾದರೂ ವಲ್ಲಿಯ ಕೆಳಗೆ ಬರಲೇಬೇಕು, ಅಲ್ಲಿ ಜಾತಿ ಕೇಳುವ ಪದ್ಧತಿ ಇರಲಿಲ್ಲ. ನನ್ನ ಕೈಯನ್ನು ಅಷ್ಟು ಸಹಜವಾಗಿ ಹಿಡಿದ ಮೊದಲ ರೋಗಿ ಅವನೇ. ನಾನು ಅದನ್ನು ಮರೆತಿಲ್ಲ.

ಎರಡನೆಯ ಸಲ ಬಂದಾಗ ನಾನು ಕೇಳಿದೆ, "ಕಾಕಾ, ಏನೂ ಇಲ್ಲ, ಸೊನ್ನಿ ಅನ್ನಾಕ ಯಾವ ಬೆರಳ ಹಿಡೀತೀರಿ?"

ನೀಲವ್ವನೇ ಉತ್ತರಿಸಿದಳು. "ಪುಕ್ಕಟ ಎತ್ತ ಯಾರ ಕೊಡ್ತಾರ್ರಿ ಬಾಯಾರ? ಸೊನ್ನಿಗಿ ಬೆರಳ ಇಲ್ರಿ!" ರೇವಪ್ಪನ ತುಟಿಯ ಮೂಲೆ ನಗುವಿಗೆ ಅಲುಗಿತು. ಅಷ್ಟಕ್ಕೇ ನೋವು ಚಿಮ್ಮಿ, ಗೋಡೆ ಹಿಡಿದು ಕುಸಿದು ಕುಳಿತ.

ಮುಖದ ನರದ ಬೇನೆ ಇದು ಎಂದು ಸಾಹೇಬರು ಮೊದಲ ದಿನವೇ ಗುರುತಿಸಿದ್ದರು. ನಮ್ಮಲ್ಲಿದ್ದ ಮದ್ದು ಎಷ್ಟು? ಆಸ್ಪಿರಿನ್ ಕೊಟ್ಟೆವು, ಕಲ್ಲಿಗೆ ನೀರು ಹೊಯ್ದ ಹಾಗಾಯಿತು. ಜೀವಸತ್ವದ ಸೂಜಿ ಮಾಡಿದೆವು, ತೋಳು ಬಾತಿತು ಅಷ್ಟೆ. ಮೂರ್ಛೆರೋಗದ ಗುಳಿಗೆ ಕೆಲವರಿಗೆ ನಾಟುತ್ತದೆ ಎಂದು ಅದನ್ನೂ ಕೊಟ್ಟರು. ನೋವು ಒಂದೆರಡು ಬೆರಳು ಇಳಿಯಿತು, ಆದರೆ ಮೈಯೆಲ್ಲ ಕೆಂಪು ದದ್ದು ಎದ್ದು ನಿಲ್ಲಿಸಬೇಕಾಯಿತು. ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ನರದ ಬುಡಕ್ಕೇ ಸೂಜಿಯಿಂದ ಸ್ಪಿರಿಟ್ ಬಿಟ್ಟು ಅದನ್ನು ಮಲಗಿಸುತ್ತಿದ್ದರು. "ಆದ್ರ ಇಂವನ್ನ ಈಗ ಕಳಿಸಿದ್ರ ಹಾದಿಯೊಳಗ ಜೀವ ಹೋಗ್ತದ. ಮೊದಲ ನಾಕು ತುತ್ತು ಒಳಗ ಹೋಗಬೇಕು" ಎಂದರು ಸಾಹೇಬರು.

ನೀಲವ್ವ ಒಂದು ದಿನ ನನ್ನನ್ನು ಬೇವಿನ ಮರದ ಕೆಳಗೆ ಕರೆದಳು. ರಾತ್ರಿ ತನ್ನ ಸೆರಗಿನ ತುದಿಯನ್ನು ಅವನ ಧೋತರಕ್ಕೆ ಗಂಟು ಹಾಕಿ ಮಲಗುತ್ತಾಳಂತೆ. ಮನೆಯ ಮುಂದೆ ಬಾವಿ ಇದೆ, ಒಮ್ಮೆ ಅದರ ದಂಡೆಯ ಮೇಲಿಂದ ಎಳೆದು ತಂದಿದ್ದಾಳೆ. ಹೇಳುತ್ತ ಅತ್ತಳು. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ಹಾದ್ಯಾಗ ಒಬ್ಬ ಬೈರಾಗಿ ಕುಂತಿದ್ದ. ಇವ್ರ ಒದ್ದಾಟ ನೋಡಿ ಚಿಲುಮಿ ಕೊಟ್ಟ. ಒಂದ ಝುರಕಿ ಎಳದ್ರು. ಆಮ್ಯಾಲ ಒಂದ ಬಟ್ಟಲಾ ಗಂಜಿ ಕುಡದ್ರು, ಬಾಯಾರ. ನಮ್ಮ ಮನಿತನದಾಗ ಬಂಗಿ ಸೇದಿದವ್ರ ಇಲ್ರಿ. ಸಾಹೇಬ್ರಿಗಿ ಹೇಳಬ್ಯಾಡ್ರಿ."

ನಾನು ನೆಟ್ಟಗೆ ಹೋಗಿ ಸಾಹೇಬರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು, ಬೀಗ ಹಾಕಿದ್ದ ವಿಷದ ಕಪಾಟು ತೆರೆದು, ಹಿಂದಿನ ಸಾಲಿನಿಂದ ಒಂದು ಬಾಟಲಿ ತೆಗೆದರು. ಒಳಗೆ ಕಪ್ಪುಹಸಿರು ದ್ರವ. ಗಾಂಜಾದ ಟಿಂಕ್ಚರು. ಹಳೇ ಮುಂಬಯಿ ಸರಕಾರದ ಕಾಲದಿಂದ ಅಲ್ಲೇ ಕುಳಿತಿತ್ತು. "ಹಳೇ ಡಾಕ್ಟರ್‌ಗಳು ಇದನ್ನ ನರದ ಬ್ಯಾನಿಗೆ ಕೊಡ್ತಿದ್ರು, ಶಾಂತಾಬಾಯಿ. ಈಗ ಯಾರೂ ಕೊಡೂದಿಲ್ಲ. ಯಾಕಂದ್ರ ಒಂದು ಬಾಟಲಿ ಇದ್ದಂಗ ಇನ್ನೊಂದು ಇರೂದಿಲ್ಲ. ಒಂದು ನೀರು, ಇನ್ನೊಂದು ಬೆಂಕಿ. ನೋವು ಸರೀತದ, ಅದರ ಕೂಡ ಬುದ್ಧೀನೂ ಸರೀತದ" ಎಂದರು.

ಎರಡು ದಿನ ಯೋಚಿಸಿದರು. ಕೊಟ್ಟರೆ ಮಂಕಾಗಬಹುದು, ಎದೆ ಹೊಡೆದುಕೊಳ್ಳಬಹುದು, ಚಟ ಹತ್ತಬಹುದು. ಕೊಡದಿದ್ದರೆ ಬಾವಿ. ಹೊಗೆ ಎಳೆದರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಗಲ್ಲ ಸಿಡಿಯುತ್ತದೆ, ಮೇಲೆ ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವೂ ಇರುವುದಿಲ್ಲ. ಹನಿಯಾದರೆ ಎಣಿಸಬಹುದು. ಕಡೆಗೆ ವಿಜಾಪುರಕ್ಕೆ ಹೋಗಿ, ಮೇಲಿನವರ ಒಪ್ಪಿಗೆ ಪಡೆದು ಹೊಸ ಬಾಟಲಿ ತಂದರು. ನೀಲವ್ವನನ್ನೂ ರೇವಪ್ಪನನ್ನೂ ಕೂರಿಸಿ, "ಇದು ರೋಗ ಕಳಿಯೂದಿಲ್ಲ. ಬ್ಯಾನೀನ್ನ ಒಂದ್ಚೂರು ಆಚೀಗ ಸರಸ್ತದ, ಅಷ್ಟ. ಅಷ್ಟರಾಗ ಉಂಡು ಗಟ್ಟಿಯಾಗು, ಮಿರಜಿಗೆ ಕಳಸ್ತೀನಿ" ಎಂದು ತಿಳಿಯ ಹೇಳಿದರು.

ಮೊದಲ ಹನಿಗಳನ್ನು ಸಕ್ಕರೆಯ ಮೇಲೆ ಹಾಕಿ ಕೊಟ್ಟವಳು ನಾನೇ. ಕೊಟ್ಟು ವಲ್ಲಿಯ ಕೆಳಗೆ ಕೈ ಇಟ್ಟು ಕುಳಿತೆ. ಹತ್ತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರೂ ಹತ್ತು. ನನಗೆ ಹುಸಿ ಹೋಯಿತು ಎನಿಸಿತು. ಬಿಸಿಲು ಪಡಸಾಲೆಯಿಂದ ಇಳಿಯುವ ಹೊತ್ತಿಗೆ ಅವನು ನನ್ನ ಕೈ ಹಿಡಿದು ಬಿಟ್ಟು ಹಿಡಿದ. ಏಳು. ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಮತ್ತೆ ಹಿಡಿದ. ಐದು. "ಐದ್ರಿ ಸಾಹೇಬ್ರ, ಐದು!" ಎಂದು ನಾನು ಕೂಗಿದ್ದಕ್ಕೆ ಹೊರಗೆ ಕುಳಿತ ರೋಗಿಗಳು ಯಾರಿಗೋ ಹೆರಿಗೆಯಾಯಿತು ಎಂದುಕೊಂಡರು. ಅವತ್ತು ರೇವಪ್ಪ ಹಾಲಿನಲ್ಲಿ ಕಿವುಚಿದ ರೊಟ್ಟಿ ತಿಂದ. ನೀಲವ್ವ ಒಂದು ತುತ್ತಿಗೂ ಕಣ್ಣು ತೆಗೆಯದೆ ನೋಡುತ್ತ ನಿಂತಿದ್ದಳು.

ಸುದ್ದಿ ಬೇಗ ಹರಡಿತು. ಆ ವಾರ ತಿಕೋಟಾದ ಅರ್ಧ ಗಂಡಸರಿಗೆ ಗಲ್ಲದ ನೋವು ಶುರುವಾಯಿತು. "ಬಾಯಾರ, ನನಗೂ ಮಿಂಚ ಹೊಡದಂಗ ಆಕ್ಕೈತ್ರಿ, ಆ ಹಸರ ಔಸದ ಒಂದ್ನಾಕ ಹನಿ ಹಾಕ್ರಿ" ಎಂದು ಸಾಲುಗಟ್ಟಿದರು. ನಾನು ಮೇಟ್ರನ್ ಬಾಯಿಯನ್ನು ನೆನೆದು ಅರಳೆಯ ಎಳೆ ಹಿರಿದೆ. ಎಡಗಲ್ಲ ನೋವು ಎಂದವನ ಕಣ್ಣು ಮುಚ್ಚಿಸಿ ಬಲಗಲ್ಲದ ಮೇಲೆ ಎಳೆದರೆ, "ಅಯ್ಯಯ್ಯೋ ಸತ್ತೆ!" ಎನ್ನುತ್ತಿದ್ದ. ಅಂಥವರಿಗೆಲ್ಲ ಸಾಹೇಬರು ಭೇದಿಯಾಗುವ ಔಡಲೆಣ್ಣೆ ಕುಡಿಸಲು ಹೇಳಿದರು. ಮರುದಿನ ಊರಲ್ಲಿ ಗಲ್ಲದ ನೋವಿನ ಸುದ್ದಿಯೇ ಇರಲಿಲ್ಲ.

ಆಮೇಲೆ ಆದದ್ದು ಮಾತ್ರ ನಗುವ ಸಂಗತಿಯಲ್ಲ. ಮಳೆ ಹಿಡಿದು ದಿನಾ ಬರಲಾಗುವುದಿಲ್ಲ ಎಂದು ರೇವಪ್ಪನಿಗೆ ಅದೇ ಔಷಧವನ್ನು ನೀರಿನಲ್ಲಿ ಕಲಸಿ ಒಂದು ವಾರದ ಬಾಟಲಿ ಕೊಟ್ಟೆವು. ಟಿಂಕ್ಚರಿನ ಅಂಟು ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಕೂಡುತ್ತದೆ. ಅದಕ್ಕೆ ಕುಲುಕಿ ಕುಡಿಸು ಎಂದು ಹೇಳಿ ಕಳಿಸಿದ್ದೆವು. ನೀಲವ್ವ ಹೂಂ ಅಂದಿದ್ದಳು. ಆದರೆ ಅವಳು ಕುಸುಬಿ ಎಣ್ಣೆಯ ಮನೆಯಲ್ಲಿ ಬೆಳೆದ ಹೆಣ್ಣು. ಎಣ್ಣೆಯಾಗಲಿ ತುಪ್ಪವಾಗಲಿ ಕುಲುಕುವುದೆಂದರೆ ಅವಳಿಗೆ ಕೆಡಿಸಿದ ಹಾಗೆ. ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಗ್ಗಿಸಿ, ಗಸಿಯನ್ನು ಕೆಳಗೆ ಉಳಿಸಬೇಕು. ಹಾಗೆಯೇ ಮಾಡಿದಳು. ವಾರವಿಡೀ ಗಂಡನಿಗೆ ಬರೀ ನೀರು ಹೋಯಿತು, ನೋವು ಮತ್ತೆ ಏರಿತು. ಸಂತೆಯ ದಿನ ಬಂತು. ನೋವಿದ್ದರೂ ಎಷ್ಟೋ ದಿನಗಳ ಮೇಲೆ ರೇವಪ್ಪ ಪೇಟೆಗೆ ಹೊರಟಿದ್ದ. ಪಾಪ, ಔಷಧ ಯಾಕೆ ಚೆಲ್ಲಬೇಕು ಎಂದು ತಳದ ಗಸಿಯನ್ನೆಲ್ಲ ಬೆಲ್ಲದಲ್ಲಿ ಕಲಸಿ ತಿನ್ನಿಸಿ ಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ದನದ ಪೇಟೆಯಿಂದ ನಾಲ್ಕು ಜನ ಅವನನ್ನು ಎತ್ತಿಕೊಂಡು ಬಂದರು. ಕಣ್ಣು ಕೆಂಪು, ನಾಡಿ ಕುದುರೆ ಓಡಿದ ಹಾಗೆ. ಒಮ್ಮೆ ನಗುತ್ತಿದ್ದ, ಒಮ್ಮೆ ಅಳುತ್ತಿದ್ದ, ತನ್ನ ಕೈಯನ್ನೇ ನೋಡಿ ಇದು ಯಾರದು ಎನ್ನುವಂತೆ ಗಾಬರಿಯಾಗುತ್ತಿದ್ದ. ವಲ್ಲಿಯ ಕೆಳಗೆ ಕೊಳ್ಳುವವನ ಕೈ ಹಿಡಿದವನು ಬಿಟ್ಟೇ ಇರಲಿಲ್ಲವಂತೆ. ಹಿಡಿದು ಬಿಟ್ಟು ಹಿಡಿದು, ಒಂದು ಮುದಿ ಎತ್ತಿಗೆ ಎಳೆಯ ಜೋಡಿಯ ದರ ಹೇಳಿಬಿಟ್ಟಿದ್ದ. ಎರಡೂ ಕಡೆಯವರು ಜಗಳಕ್ಕೆ ನಿಂತಿದ್ದರು. ಅವರಲ್ಲಿ ಒಬ್ಬ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತನ್ನು ನಾನು ಕೇಳಿಸಿಕೊಂಡೆ. "ಇನ್ನ ರೇವಪ್ಪನ ವಲ್ಲಿ ಕೆಳಗ ಯಾರೂ ಕೈ ಹಾಕಂಗಿಲ್ಲ."

ಸಾಹೇಬರು ಸಂಜೆಯವರೆಗೂ ಅವನ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಅಮಲು ಇಳಿಯಿತು, ನಾಡಿ ಹದಕ್ಕೆ ಬಂತು. ಎಚ್ಚರಾಗಿ ಆದದ್ದೆಲ್ಲ ತಿಳಿದ ಮೇಲೆ ರೇವಪ್ಪ ಗೋಡೆಯ ಕಡೆ ಮುಖ ಮಾಡಿದ. ನೋವಿನಿಂದ ಅವನು ಅತ್ತದ್ದನ್ನು ನೋಡಿದ್ದೆ, ಇದು ಬೇರೆ ಅಳು. ನೀಲವ್ವ ಬಾಗಿಲ ಹಿಂದೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ನಾನು ಅವಳ ಕೈ ಹಿಡಿದು, "ನಿಂದಲ್ಲ ಯವ್ವಾ ತಪ್ಪು. ಗಸಿ ಬಿಟ್ಟು ತಿಳಿ ಬಗ್ಗಸೂದು ನಮ್ಮವ್ವನೂ ಹಂಗs ಮಾಡ್ತಾಳ" ಎಂದೆ.

ಒಂದು ವಾರ ಅವನು ಹನಿ ಮುಟ್ಟಲಿಲ್ಲ. ಅಷ್ಟರಲ್ಲಿ ನೋವು ಹತ್ತಕ್ಕೆ ಏರಿತು, ರೊಟ್ಟಿ ಮತ್ತೆ ನಿಂತಿತು. ಸಾಹೇಬರು ಅವನನ್ನು ತಮ್ಮ ಮೇಜಿನ ಮುಂದೆ ಕೂರಿಸಿಕೊಂಡರು. "ಹನಿ ಬ್ಯಾಡಂದ್ರ ಸಾಯ್ತೀ. ಜಾಸ್ತಿ ತಗೊಂಡ್ರ ಪ್ಯಾಟಿ ಬಿಡಬೇಕು. ನೀನs ಹೇಳು. ಎಷ್ಟು ಬ್ಯಾನಿ ಇಟ್ಕೋತಿ?"

ರೇವಪ್ಪ ವಲ್ಲಿ ತೆಗೆದು ಮೇಜಿನ ಮೇಲೆ ಹರಡಿದ. ಸಾಹೇಬರು ಅಂಗಿಯ ತೋಳು ಮಡಿಸಿ ಅದರ ಕೆಳಗೆ ಕೈ ಹಾಕಿದರು.

ನನ್ನ ಕೆಲಸದ ವರ್ಷಗಳಲ್ಲಿ ಅಂಥ ವ್ಯಾಪಾರವನ್ನು ಮತ್ತೆ ಕಾಣಲಿಲ್ಲ. ವಲ್ಲಿಯ ಕೆಳಗಿನ ಲೆಕ್ಕವನ್ನು ಸಾಹೇಬರು ನನಗೆ ಆಮೇಲೆ ಹೇಳಿದರು. ಮೊದಲು ಅವರು ಎರಡು ಹಿಡಿದರು, ಅಂದರೆ ನೋವು ಎರಡಕ್ಕೆ ಇಳಿಸುತ್ತೇನೆ, ಹನಿ ಹೆಚ್ಚು. ರೇವಪ್ಪ ತಲೆ ಕೊಡವಿ ಆರು ಹಿಡಿದ. ನೋವು ಆರಿರಲಿ, ತಲೆ ತಿಳಿಯಾಗಿರಲಿ. ಸಾಹೇಬರು, "ಆರಕ್ಕ ರೊಟ್ಟಿ ಇಳಿಯೂದಿಲ್ಲೋ ಮಾರಾಯಾ!" ಎಂದು ಬೈದು ಮೂರು ಹಿಡಿದರು. ಅವನು ಎದ್ದು ಹೊರಟಂತೆ ಮಾಡಿದ. ಪೇಟೆಯ ಹಳೆಯ ಆಟ ಅದು, ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಹೇಬರು ಅವನ ಕೈ ಜಗ್ಗಿ ಕೂರಿಸಿದರು.

ಅದೇ ಗಳಿಗೆಗೆ ತಪಾಸಣೆಗೆಂದು ವಿಜಾಪುರದಿಂದ ಮೇಲಿನ ಅಧಿಕಾರಿ ಬಂದು ಬಾಗಿಲಲ್ಲಿ ನಿಂತರು. ಡಾಕ್ಟರು, ರೋಗಿ, ಇಬ್ಬರ ಕೈಯೂ ವಸ್ತ್ರದ ಕೆಳಗೆ. "ಏನ್ರೀ ಇದು? ದವಾಖಾನೆಯೋ, ದನದ ಪೇಟೆಯೋ?" ಎಂದು ಗುಡುಗಿದರು. ಸಾಹೇಬರು ತಲೆಯನ್ನೂ ತಿರುಗಿಸಲಿಲ್ಲ.

"ಒಂದು ನಿಮಿಷ ತಡೀರಿ, ಸಾಹೇಬ್ರ. ವ್ಯಾಪಾರ ಮುರದೀತು!"

ವಲ್ಲಿ ಅಲುಗಿತು. ಒಮ್ಮೆ, ಮತ್ತೊಮ್ಮೆ. ಸಾಹೇಬರು ಕೈ ಹೊರತೆಗೆದು ಮೇಜು ಗುದ್ದಿದರು. "ನಾಕು! ನಾಕಕ್ಕ ಮುಗೀತು!" ರೇವಪ್ಪ ವಲ್ಲಿಯನ್ನು ಕಣ್ಣಿಗೆ ಒತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಪೇಟೆಯಲ್ಲಿ ಮುಗಿದ ವ್ಯಾಪಾರವನ್ನು ದಲಾಲಿ ಮುರಿಯುವುದಿಲ್ಲ. ಅಧಿಕಾರಿಗಳಿಗೆ ವಿಷಯ ತಿಳಿಸಿದಾಗ ಅವರೂ ಕುಳಿತು ಚಹಾ ಕುಡಿದರು, ಹೋಗುವಾಗ ಬೆರಳಿನ ಲೆಕ್ಕವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು.

ಅಂದಿನಿಂದ ಔಷಧ ಮನೆಗೆ ಹೋಗಲಿಲ್ಲ. ದಂಪತಿಗಳು ತಿಕೋಟಾದಲ್ಲಿ ನೀಲವ್ವನ ತಂಗಿಯ ಮನೆಯಲ್ಲಿ ಉಳಿದರು. ಸಂಜೆ ನಾನು ಸಕ್ಕರೆಯ ಮೇಲೆ ಹನಿ ಹಾಕುವುದು, ಬೆಳಿಗ್ಗೆ ವಲ್ಲಿಯ ಕೆಳಗೆ ಕೈ ಹಾಕಿ ಕೇಳುವುದು. ಮೂರು ಬಂದರೆ ಹನಿ ಇಳಿಸುತ್ತಿದ್ದೆವು, ಐದು ಬಂದರೆ ಏರಿಸುತ್ತಿದ್ದೆವು. ನಾಲ್ಕಕ್ಕೆ ನಿಲ್ಲಿಸಿದೆವು. ನಾಲ್ಕು ಎಂದರೆ ಕಡಿಮೆ ನೋವಲ್ಲ. ಆದರೆ ಅದು ಅವನೇ ಒಪ್ಪಿ ಇಟ್ಟುಕೊಂಡ ನೋವು. ಅದರ ಮೇಲೆ ಉಂಡ, ಮಲಗಿದ, ಕೆನ್ನೆ ತುಂಬಿಕೊಂಡ. ಬಾಯಿ ಮಾತ್ರ ತೆರೆಯಲಿಲ್ಲ, ಮಾತೆತ್ತಿದರೆ ಗಲ್ಲ ಕುಟುಕುತ್ತಿತ್ತು. ಜೋಳ ತೆನೆಗಟ್ಟುವ ಹೊತ್ತಿಗೆ ಸಾಹೇಬರು ಅವನನ್ನು ತೂಗಿ ನೋಡಿ, "ಇನ್ನ ಹೊಂಡು" ಎಂದರು. ಕಂಬಳಿ ಹೊದಿಸಿ ಮಿರಜಿನ ಮೋಟಾರು ಹತ್ತಿಸಿದೆವು. ಕಿಟಕಿಯಿಂದ ಅವನು ವಲ್ಲಿ ಬೀಸಿದ್ದಷ್ಟೇ ನನಗೆ ಕಂಡಿತು.

ಅದೇ ತಿಂಗಳು ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಮಿರಜಿನಲ್ಲಿ ಏನಾಯಿತು ಎಂಬುದು ತಿಳಿಯಲೇ ಇಲ್ಲ. ಸೂಜಿ ಗುರಿ ತಪ್ಪಿದರೆ ಕಣ್ಣಿಗೆ ಕುತ್ತು ಎಂದು ಸಾಹೇಬರು ಹೇಳಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಮುಂದೆ ಕೆಲವು ವರ್ಷಗಳಲ್ಲಿ ಈ ಬೇನೆಗೆಂದೇ ಹೊಸ ಗುಳಿಗೆ ಬಂತು, ಆ ಹಸಿರು ಬಾಟಲಿಗಳು ಕಪಾಟಿನಿಂದ ಮಾಯವಾದವು. ಇದನ್ನು ಓದಿ ಯಾರೂ ಸೊಪ್ಪು ಹುಡುಕಿಕೊಂಡು ಹೋಗಬೇಡಿ, ನನ್ನ ಕೈಗೆ ಸಿಕ್ಕರೆ ಔಡಲೆಣ್ಣೆ ಕುಡಿಸುತ್ತೇನೆ. ನಮ್ಮ ಕೈಯಲ್ಲಿ ಇದ್ದದ್ದು ಅದು, ಒಬ್ಬ ಮನುಷ್ಯನನ್ನು ಬಾವಿಯ ದಂಡೆಯಿಂದ ಮೋಟಾರಿನವರೆಗೆ ಮುಟ್ಟಿಸಲು ಅಷ್ಟು ಸಾಕಾಯಿತು.

ಬಬಲೇಶ್ವರದಲ್ಲಿ ಒಂದು ಸಂತೆಯ ದಿನ. ಮಮದಾಪುರದ ಕಡೆಯ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಸಿಡುಬಿನ ಲಸಿಕೆಗೆ ಬಂದಿದ್ದರು, ಪಡಸಾಲೆಯ ತುಂಬ ಅಳು. ಆ ಗದ್ದಲವನ್ನೂ ಮೀರಿ ಹೊರಗಿನಿಂದ ಒಂದು ಗಂಟಲು ಕೇಳಿಸಿತು. "ಎಲ್ಲದಾರ್ರಿ ನಮ್ಮ ಶಾಂತಾಬಾಯಾರು? ಹೊರಗ ಕರೀರಿ ಅವರನ್ನ!" ಯಾರೋ ಜಗಳಗಂಟ ಬಂದ ಎಂದುಕೊಂಡು ನಾನೂ ಸಿಟ್ಟಿನಿಂದಲೇ ಹೊರಗೆ ಬಂದೆ.

ಗಟ್ಟಿಮುಟ್ಟಾದ ಒಬ್ಬ ಗಂಡಸು, ಎರಡೂ ಕಡೆ ನುಣ್ಣಗೆ ಬೋಳಿಸಿದ ಗಲ್ಲ, ತಲೆಗೆ ಕೆಂಪು ಪಟಗ. "ಯಾರ ನೀವು? ಹಿಂಗ್ಯಾಕ ಒದರ್ತೀರಿ?" ಎಂದೆ. ಅವನು ಬಾಯಿ ತುಂಬ ನಕ್ಕ. ಆ ನಗುವಿನಲ್ಲಿ ಬಲಗಡೆ ಹಲ್ಲೇ ಇರಲಿಲ್ಲ. ಆಗ ಗುರುತಾಯಿತು. ಅವನ ಬೆರಳು ನನಗೆ ಗೊತ್ತಿದ್ದವು, ದನಿಯನ್ನು ಮಾತ್ರ ಕೇಳಿದ್ದು ಅದೇ ಮೊದಲು.

"ಕಾಕಾ!"

"ಹೂನ್ರಿ, ನಾನs! ಮೂರ ಸಂತಿ ತಿರಗಿ ನಿಮ್ಮನ್ನ ಹುಡುಕೇನಿ. ಈ ಕಡೆ ಗಲ್ಲ ಕಟ್ಟಿಗಿ ಆಗೇತ್ರಿ. ಎಲಿಅಡಕಿ ಹಾಕ್ಕೊಂಡ್ರ ಸೋರಿದ್ದು ತಿಳಿಯಂಗಿಲ್ಲ. ಸೋರಲಿ ಬಿಡ್ರಿ! ಮಮದಾಪುರದ ಜೋಡಿ ಎತ್ತಿಗಿ ಈಗಷ್ಟ ಕೈ ಹಾಕಿ ಬಂದೇನಿ. ಎರಡೂ ಕಡಿಯವ್ರು ನನ್ನ ವಲ್ಲೀನs ಬೇಕಂದ್ರು!" ಹಿಂದೆ ನಿಂತಿದ್ದ ನೀಲವ್ವ, "ಈಗ ಬಾಯಿ ಮುಚ್ಚಸೂದs ನನಗ ಕೆಲಸಾ ಆಗೇತ್ರಿ ಬಾಯಾರ" ಎಂದು ಕಣ್ಣೊರೆಸಿಕೊಂಡಳು.

ನಾನು ಸುಳ್ಳೇ ಸಿಟ್ಟು ತಂದುಕೊಂಡು ಗದರಿಸಿದೆ. "ಅದೆಲ್ಲಾ ಇರಲಿ. ಬ್ಯಾನಿ ಎಷ್ಟೈತಿ, ಅದನ್ನ ಹೇಳ್ರಿ."

ಅವನು ಹೆಗಲಿನಿಂದ ವಲ್ಲಿ ತೆಗೆದು ಗತ್ತಿನಿಂದ ಝಾಡಿಸಿ ಮುಂದೆ ಹಿಡಿದ. ಪಡಸಾಲೆಯ ಹೆಂಗಸರೆಲ್ಲ ಮಕ್ಕಳ ಅಳು ಮರೆತು ನೋಡುತ್ತಿದ್ದರು. ನಾನು ಕೈ ಹಾಕಿದೆ. ಬೆರಳು ಸಿಗಲಿಲ್ಲ. ಇನ್ನೂ ಒಳಗೆ ಚಾಚಿದೆ. ಅತ್ತ ಇತ್ತ ತಡವಿದೆ. ಅಲ್ಲಿ ಬಟ್ಟೆಯ ಹೊರತು ಏನೂ ಇರಲಿಲ್ಲ.

ತಲೆ ಎತ್ತಿ ನೋಡಿದರೆ ರೇವಪ್ಪ ಒಂದು ಕೈಯಿಂದ ವಲ್ಲಿಯ ತುದಿಯನ್ನಷ್ಟೇ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ.

"ಹುಡುಕ್ರಿ ಬಾಯಾರ, ಹುಡುಕ್ರಿ!" ಎಂದು ಇಡೀ ಸಂತೆಗೆ ಕೇಳುವಂತೆ ಕೂಗಿದ.